ಹದಿನೇಳು ಸಾವಿರದ ಓದೋ ಮಷೀನು, ಅದರೊಳಗೆ ಕನ್ನಡ ಎಷ್ಟು?

ತಿಪಟೂರು ಮಾರ್ಕೆಟ್ಟಿಗೆ ಕೊಬ್ಬರಿ ಹಾಕಿ ಬಂದ ನಮ್ಮ ಪಕ್ಕದ ತೋಟದ ಅಣ್ಣ ಅವತ್ತು ಸಂಜೆ ನೇರವಾಗಿ ನಮ್ಮ ಜಗಲಿಗೇ ಬಂದರು. ಮಗಳು ಸೆಕೆಂಡ್ ಪಿಯುಸಿ. ಓದೋ ಹುಡುಗಿ. ಪಠ್ಯ ಬಿಟ್ಟು ಕಾದಂಬರಿಯನ್ನೂ ಓದುತ್ತಾಳೆ.

"ಟ್ಯಾಬ್ ತಕ್ಕೊಡಾಣ ಅಂತ ನಾನು. ಅವಳು ಟ್ಯಾಬ್ ಬ್ಯಾಡ ಅಂತಾಳೆ ಕಣಪ್ಪ. ಯೂಟ್ಯೂಬಲ್ಲಿ ನೋಡವ್ಳೆ, ಅದೆಂಥದೋ ಕಪ್ಪು ಬಿಳುಪಿನ ಓದೋ ಮಷೀನಂತೆ. ನೀನು ಪೇಪರಿನೋನು, ನಿಂಗೆ ಗೊತ್ತಿರ್ತದೆ. ಯಾವುದಕ್ಕೆ ದುಡ್ಡು ಹಾಕಲಿ?"

ನಾನು ಹಿಂದೆಮುಂದೆ ನೋಡದೆ, "ಮಷೀನೇ ಕೊಡ್ಸಣ್ಣ" ಅಂದುಬಿಟ್ಟೆ. ನನ್ನ ಹತ್ತಿರ ಅಂಥದ್ದೊಂದಿದೆ, ಬೆಂಗಳೂರಿನ ಗೆಳೆಯನಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಆಮೇಲೆ ಬೆಲೆ ನೋಡಿದೆ. ಕಿಂಡಲ್ ಪೇಪರ್‌ವೈಟಿನ ಹೊಸ ಮಾಡೆಲ್ 2025ರ ಏಪ್ರಿಲ್‌ನಲ್ಲಿ ನಮ್ಮ ದೇಶಕ್ಕೆ ಬಂದಾಗ ಅದರ ಬೆಲೆ 16,999 ರೂಪಾಯಿ. ಒಂದೆರಡು ಹಸು ಇಟ್ಟುಕೊಂಡಿರೋ ಮನೆಗೆ ಅದು ತಿಂಗಳುಗಟ್ಟಲೆ ಡೇರಿ ಬಟವಾಡೆ. ಹಾಗಾಗಿ ಮಾತು ಸ್ವಲ್ಪ ತಿದ್ದಿಕೊಂಡೆ. "ದುಡ್ಡು ಹಾಕೋ ಮೊದಲು ನನ್ನದನ್ನೇ ಮೂರು ವಾರ ಇಟ್ಕೊಂಡು ನೋಡ್ಲಿ" ಅಂತ ಕೊಟ್ಟು ಕಳಿಸಿದೆ.

ಮೂರು ವಾರ ಆದ ಮೇಲೆ ಹುಡುಗಿ ಅದನ್ನು ವಾಪಸ್ ತಂದುಕೊಟ್ಟಳು. "ಚಿಕ್ಕಪ್ಪ, ಇದು ತುಂಬಾ ಚೆನ್ನಾಗಿದೆ. ಆದ್ರೆ ಇದ್ರಲ್ಲಿ ಓದೋಕೆ ನಂಗೆ ಏನೂ ಸಿಗ್ಲಿಲ್ಲ" ಅಂದಳು.

ಈ ಬರಹ ಆ ಎರಡು ಮಾತಿನ ಬಗ್ಗೆ. ನೀವು ಇದನ್ನು ಓದುತ್ತಿರುವುದು ಫೋನಿನಲ್ಲೇ. ನಿಮ್ಮ ಮನೆಯಲ್ಲೂ ಇವತ್ತಲ್ಲ ನಾಳೆ ಇದೇ ಪ್ರಶ್ನೆ ಬರುತ್ತದೆ.

ಮೊದಲ ಮಾತು: ಮಷೀನು ಚೆನ್ನಾಗಿರೋದು ನಿಜ

ಫೋನು, ಟ್ಯಾಬಿನ ಪರದೆ ತಾನೇ ಉರಿಯುವ ದೀಪ. ಬೆಳಕು ಪರದೆಯ ಹಿಂದಿನಿಂದಲೋ ಒಳಗಿನಿಂದಲೋ ಹೊರಟು ನೇರ ನಮ್ಮ ಕಣ್ಣಿಗೆ ಬರುತ್ತದೆ. ಇ-ಇಂಕ್ ಹಾಗಲ್ಲ. ಅದರ ಪರದೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಿರುತ್ತವೆ. ಪ್ರತಿ ಗುಳ್ಳೆಯ ದ್ರವದಲ್ಲಿ ಕಪ್ಪು ಕಣ, ಬಿಳಿ ಕಣ ತೇಲುತ್ತಿರುತ್ತವೆ. ಒಂದಕ್ಕೆ ಧನ ವಿದ್ಯುತ್ತು, ಇನ್ನೊಂದಕ್ಕೆ ಋಣ ವಿದ್ಯುತ್ತು. ಹಿಂದಿನಿಂದ ಸ್ವಲ್ಪ ಕರೆಂಟು ಕೊಟ್ಟರೆ ಬೇಕಾದ ಕಡೆ ಕಪ್ಪು ಮೇಲೆ ಬರುತ್ತದೆ, ಉಳಿದ ಕಡೆ ಬಿಳಿ. ಅಕ್ಷರ ಮೂಡುವುದು ಹೀಗೆ. ಒಂದು ಸಲ ಮೂಡಿದ ಮೇಲೆ ಪುಟ ತಿರುಗಿಸುವವರೆಗೂ ಅದಕ್ಕೆ ಕರೆಂಟು ಬೇಡ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುವ ಗುಟ್ಟು ಇದೇ.

ಇದು ಹೊಸ ವಿದ್ಯೆಯೂ ಅಲ್ಲ. ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಕೆಲಸ, 1997ರಲ್ಲಿ ಕಂಪನಿಯಾಯಿತು. ಸೋನಿ 2004ರಲ್ಲಿ ಜಪಾನಿನಲ್ಲಿ ಇಂಥ ಪರದೆಯ ರೀಡರ್ ಮಾರಿತು. 2007ರಲ್ಲಿ ಅಮೆಜಾನಿನ ಕಿಂಡಲ್ ಬಂತು.

ನಮ್ಮ ಊರ ಕಡೆ ಇದರಿಂದ ಆಗುವ ಅನುಕೂಲವನ್ನು ನಾನೇ ಕಂಡಿದ್ದೇನೆ. ಮಧ್ಯಾಹ್ನದ ಬಿಸಿಲಲ್ಲಿ ತೋಟದ ಬದುವಿನ ಮೇಲೆ ಕೂತರೂ ಅಕ್ಷರ ಕಾಣುತ್ತದೆ. ಬಿಸಿಲು ಹೆಚ್ಚಾದಷ್ಟೂ ಇನ್ನೂ ಚೆನ್ನಾಗಿ ಕಾಣುತ್ತದೆ. ಫೋನಾದರೆ ಅಂಗೈ ಅಡ್ಡ ಹಿಡಿದು ಇಣುಕಬೇಕು. ಕರೆಂಟು ಹೋಗಿ ಎರಡು ದಿನ ಬರದಿದ್ದರೂ ಅದರ ಪಾಡಿಗೆ ಅದು ನಡೆಯುತ್ತದೆ. ನಲವತ್ತೈದು ದಾಟಿ ಚಾಳೀಸು ಬಂದವರು ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಅಚ್ಚಿನ ಪುಸ್ತಕದಲ್ಲಿ ಈ ಸೌಕರ್ಯ ಇಲ್ಲ.

ನಿದ್ದೆಯ ಮಾತೂ ಇದೆ. ಬೋಸ್ಟನ್ನಿನ ಸಂಶೋಧಕರು 2014ರ ಕೊನೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 12 ಜನರಿಗೆ ಕೆಲವು ರಾತ್ರಿ ಐಪ್ಯಾಡಿನಲ್ಲಿ, ಕೆಲವು ರಾತ್ರಿ ಅಚ್ಚಿನ ಪುಸ್ತಕದಲ್ಲಿ ಓದಲು ಕೊಟ್ಟರು. ಐಪ್ಯಾಡಿನಲ್ಲಿ ಓದಿದ ರಾತ್ರಿ ನಿದ್ದೆ ಬರುವುದು ಸುಮಾರು ಹತ್ತು ನಿಮಿಷ ತಡವಾಯಿತು, ಬೆಳಗ್ಗೆ ಮಂಪರೂ ಹೆಚ್ಚಿತ್ತು. ಹನ್ನೆರಡೇ ಜನ, ರಾತ್ರಿಗೆ ನಾಲ್ಕು ತಾಸಿನ ಓದು, ಪೂರ್ತಿ ಬೆಳಕಿನ ಪರದೆ. ಇದನ್ನು ಹಿಡಿದುಕೊಂಡು ಫೋನು ಕಣ್ಣು ತಿನ್ನುತ್ತದೆ ಎಂದು ಹೆದರಿಸುವುದು ತಪ್ಪು. ಮಲಗುವ ಮುಂಚೆ ಪರದೆಯ ಬೆಳಕು ತಗ್ಗಿಸಬೇಕು ಅನ್ನುವಷ್ಟಕ್ಕೆ ಮಾತ್ರ ಇದು ಆಧಾರ.

ಇ-ಇಂಕಿನ ಇನ್ನೊಂದು ದೊಡ್ಡ ಗುಣ ಪರದೆಯದ್ದಲ್ಲ. ಅದರಲ್ಲಿ ವಾಟ್ಸಾಪ್ ಇಲ್ಲ, ರೀಲ್ಸ್ ಇಲ್ಲ. ಓದುತ್ತಾ ಕೂತವರನ್ನು ಯಾರೂ ಟಿಂಗ್ ಅಂತ ಕರೆಯುವುದಿಲ್ಲ. ಹುಡುಗಿಗೆ ತುಂಬಾ ಹಿಡಿಸಿದ್ದು ಇದೇ.

ಎರಡನೇ ಮಾತು: ಓದೋಕೆ ಏನೂ ಸಿಗಲಿಲ್ಲ

ಅವಳು ಮೂರು ವಾರದಲ್ಲಿ ನಾಲ್ಕು ಪ್ರಯತ್ನ ಮಾಡಿದ್ದಳು. ಒಂದೊಂದಾಗಿ ಹೇಳುತ್ತೇನೆ. ಕೊಳ್ಳುವ ಮುಂಚೆ ನೋಡಬೇಕಾದ್ದು ಇದರಲ್ಲೇ ಇದೆ.

ಒಂದು, ಪಠ್ಯಪುಸ್ತಕದ ಪಿಡಿಎಫ್. ಪಿಡಿಎಫ್ ಅಂದರೆ ಪುಟದ ಫೋಟೊ ಇದ್ದ ಹಾಗೆ, ಅಳತೆ ಬದಲಾಗುವುದಿಲ್ಲ. ಎ4 ಹಾಳೆಯ ಅಗಲ 21 ಸೆಂಟಿಮೀಟರ್. ನನ್ನ ಆರು ಇಂಚಿನ ರೀಡರಿನ ಪರದೆಯ ಅಗಲ ಸುಮಾರು 9. ಇಡೀ ಪುಟ ಅದರೊಳಗೆ ಕೂತರೆ ಅಕ್ಷರ ಅರ್ಧಕ್ಕಿಂತ ಸಣ್ಣದಾಗುತ್ತದೆ. ಹಿಗ್ಗಿಸಿದರೆ ಸಾಲು ಪರದೆಯಾಚೆ ಹೋಗುತ್ತದೆ. ಫೋನಿನಲ್ಲಿ ಬೆರಳಾಡಿಸಿದಷ್ಟು ಚುರುಕಾಗಿ ಇಲ್ಲಿ ಸರಿಯುವುದಿಲ್ಲ, ಒಂದೊಂದು ಸಲವೂ ಪರದೆ ಮಿಣುಕಿ ಹೊಸದಾಗಿ ಮೂಡಬೇಕು. ಬಣ್ಣದ ಚಿತ್ರ, ನಕಾಶೆ ಎಲ್ಲ ಬೂದಿ ಬಣ್ಣ. ತಮಾಷೆ ಅಂದರೆ, ಮಾಮೂಲಿ ಫೋನನ್ನು ಅಡ್ಡ ಹಿಡಿದರೆ ಸಾಲಿಗೆ ಸುಮಾರು 15 ಸೆಂಟಿಮೀಟರ್ ಅಗಲ ಸಿಗುತ್ತದೆ. ಪಠ್ಯದ ಪಿಡಿಎಫ್ಫಿಗೆ ಫೋನೇ ವಾಸಿ.

ಎರಡು, ಕನ್ನಡ ಕಾದಂಬರಿ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಭಾರತದ ಭಾಷೆಗಳ ಇ-ಪುಸ್ತಕಗಳನ್ನು ಕಿಂಡಲ್‌ಗೆ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಅತ್ತ ಬಾಗಿಲು ತೆರೆಯದಿದ್ದಾಗ ನಮ್ಮವರು ಬೇರೆ ದಾರಿ ಮಾಡಿಕೊಂಡರು. ಮೈಲ್ಯಾಂಗ್‌ನಂಥ ಕನ್ನಡದ್ದೇ ಆ್ಯಪ್‌ಗಳು ಬಂದವು. ಒಳ್ಳೆಯ ಲೇಖಕರ ಪುಸ್ತಕಗಳು ಅಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ, ಕೇಳುವ ಪುಸ್ತಕಗಳೂ ಇವೆ. ಆದರೆ ಅವು ಫೋನಿನ ಆ್ಯಪ್‌ಗಳು. ಕಿಂಡಲ್‌ನಂಥ ರೀಡರಿನಲ್ಲಿ ಆ್ಯಪ್ ಹಾಕಲು ಬರುವುದಿಲ್ಲ. ಅಂದರೆ ಕನ್ನಡದ ಹೊಸ ಇ-ಪುಸ್ತಕ ಹೆಚ್ಚಾಗಿ ಇರುವುದು ಫೋನಿನ ಕಡೆ, ಕಣ್ಣಿಗೆ ಹಿತವಾದ ಪರದೆ ಇರುವುದು ಇನ್ನೊಂದು ಕಡೆ. ಆಂಡ್ರಾಯ್ಡ್ ಇರುವ ಇ-ಇಂಕ್ ಟ್ಯಾಬ್‌ಗಳೂ ಇವೆ, ಬೂಕ್ಸ್ ಅನ್ನುವ ಚೀನಾ ಕಂಪನಿಯವು ಹಾಗೆ. ಅವುಗಳಲ್ಲಿ ಆ್ಯಪ್ ಹಾಕಬಹುದು. ನಮ್ಮ ಅಣ್ಣನಂಥವರ ಕೈಗೆ ಅವುಗಳ ಬೆಲೆ ಎಟುಕುವುದಿಲ್ಲ.

ಮೂರು, ಹಳೆಯ ಪುಸ್ತಕ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳು ಬೇಕಾದಷ್ಟಿವೆ, ಪುಕ್ಕಟೆ. ಅವೂ ಪುಟದ ಫೋಟೊಗಳೇ. ಹಳದಿಯಾದ ಕಾಗದ, ಮಸುಕಾದ ಅಚ್ಚು. ಆರು ಇಂಚಿನಲ್ಲಿ ಒತ್ತಕ್ಷರ ಯಾವುದು, ಕಾಗದದ ಕಲೆ ಯಾವುದು ಅಂತ ಗೊತ್ತಾಗದು.

ನಾಲ್ಕು, ನಾನು ಕೊಟ್ಟ ಒಂದು ಕಡತ. ಅವಳ ಕಾಲೇಜಿನ ಭಾಷಣಕ್ಕೆ ಬೇಕಾಗಿದ್ದ ನನ್ನದೇ ಹಳೆಯ ಲೇಖನ. ಹಾಕಿ ತೆಗೆದರೆ ಪರದೆ ತುಂಬಾ ಇಂಗ್ಲಿಷ್ ಅಕ್ಷರಗಳು, ತಲೆ ಮೇಲೆ ಟೋಪಿ, ಕೊಂಬು ಹಾಕಿಕೊಂಡು ನಿಂತಿದ್ದವು. ಇದು ನನಗೆ ನಾಚಿಕೆಯಾದ ವಿಷಯ, ಯಾಕೆಂದರೆ ತಪ್ಪು ನನ್ನ ಕಡೆಯದು. ಪೇಪರಿಗೆ ಸುದ್ದಿ ಕಳಿಸುವ ನಮ್ಮಲ್ಲಿ ಬಹಳ ಜನ ಇವತ್ತಿಗೂ ನುಡಿಯಲ್ಲಿ ಹಳೆಯ ರೀತಿಯಲ್ಲೇ ಟೈಪ್ ಮಾಡುತ್ತೇವೆ. ಆ ಕಡತದಲ್ಲಿ ನಿಜವಾಗಿ ಇರುವುದು ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳ ಜಾಗಕ್ಕೆ ಕನ್ನಡದ ಚಿತ್ರ ತೊಡಿಸಿದ್ದಷ್ಟೇ. ಆ ಫಾಂಟ್ ಇಲ್ಲದ ಕಡೆ ಬಟ್ಟೆ ಕಳಚಿಬೀಳುತ್ತದೆ. ಯೂನಿಕೋಡಿನಲ್ಲಿ ಬರೆದಿದ್ದರೆ ಹಾಗಾಗುವುದಿಲ್ಲ, ಅಲ್ಲಿ 'ಕ' ಅಂದರೆ ಎಲ್ಲ ಮಷೀನಿಗೂ 'ಕ'. ಯೂನಿಕೋಡಿನ ಬರಹವನ್ನು ಇ-ಪಬ್ ಅನ್ನುವ ಪುಸ್ತಕದ ಕಡತ ಮಾಡಿದರೆ ಅಕ್ಷರ ದೊಡ್ಡದು ಮಾಡಿದಂತೆ ಸಾಲು ತಾನೇ ಮುರಿದು ಪರದೆಗೆ ಹೊಂದಿಕೊಳ್ಳುತ್ತದೆ. ಚಾಳೀಸಿನವರಿಗೆ ಅನುಕೂಲ ಅಂದೆನಲ್ಲ, ಆ ಅನುಕೂಲ ಸಿಗುವುದು ಇಂಥ ಕಡತದಲ್ಲಿ ಮಾತ್ರ.

ಇಂಗ್ಲಿಷ್ ಓದುವ ಬೆಂಗಳೂರಿನ ಗೆಳೆಯನಿಗೆ ಈ ನಾಲ್ಕರಲ್ಲಿ ಒಂದು ತೊಂದರೆಯೂ ಬಂದಿರಲಿಲ್ಲ. ನಾನೂ ಅದರಲ್ಲಿ ಓದುತ್ತಿದ್ದದ್ದು ಇಂಗ್ಲಿಷ್ ಪುಸ್ತಕಗಳನ್ನೇ. ಹಾಗಾಗಿ ಅಣ್ಣನಿಗೆ ಅಷ್ಟು ಸಲೀಸಾಗಿ ಸಲಹೆ ಕೊಟ್ಟೆ. ಆ ಹುಡುಗಿ ಏನು ಓದುತ್ತಾಳೆ ಅಂತ ಕೇಳಲೇ ಇಲ್ಲ.

ಇನ್ನೊಂದು ಸಣ್ಣ ವಿಷಯ. ಫೋನಿನ ಡಿಸ್ಪ್ಲೇ ಒಡೆದರೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಸಂಜೆಯೊಳಗೆ ಹಾಕಿಕೊಡುತ್ತಾರೆ. ಇ-ಇಂಕ್ ಪರದೆಯೂ ಸುಲಭವಾಗಿ ಸೀಳುತ್ತದೆ, ಬ್ಯಾಗಿನಲ್ಲಿ ಟಿಫನ್ ಬಾಕ್ಸ್ ಒತ್ತಿದರೂ ಸಾಕು. ಅದನ್ನು ರಿಪೇರಿ ಮಾಡುವವರು ನಮ್ಮ ತಾಲ್ಲೂಕಿನಲ್ಲಿ ಯಾರೂ ನನಗೆ ಸಿಕ್ಕಿಲ್ಲ.

ಹಾಗಾದರೆ ಟ್ಯಾಬ್?

ಅಣ್ಣನ ಮೊದಲ ಆಸೆ ಅದೇ. ಪಠ್ಯದ ಪಿಡಿಎಫ್ ನೋಡಲು, ವಿಡಿಯೊ ಪಾಠ ಕೇಳಲು ಹತ್ತು ಇಂಚಿನ ಟ್ಯಾಬ್ ಒಳ್ಳೆಯದೇ. ಮಗುವಿನ ಓದು ಪೂರ್ತಿ ವಿಡಿಯೊ ಪಾಠದ ಮೇಲೇ ನಿಂತಿದ್ದರೆ ತಗೊಳ್ಳಿ. ಆದರೆ ಪುಸ್ತಕ ಓದಲಿ ಅಂತ ಟ್ಯಾಬ್ ಕೊಡಿಸುವವರು ಒಂದು ಮಾತು ಯೋಚಿಸಬೇಕು. ಟ್ಯಾಬ್ ಅಂದರೆ ದೊಡ್ಡ ಫೋನು. ಅದೇ ರೀಲ್ಸ್, ಅದೇ ಗೇಮು, ಇನ್ನೂ ದೊಡ್ಡದಾಗಿ. ಫೋನಿನಲ್ಲಿ ಓದದ ಮಗು ಟ್ಯಾಬ್ ಬಂದ ಕೂಡಲೇ ಓದಲು ಕೂರುತ್ತದೆ ಎಂದು ನಾನು ನಂಬುವುದಿಲ್ಲ. ಹುಡುಗಿಯೇ ಅಪ್ಪನಿಗೆ ಹೇಳಿದಳಂತೆ: "ಟ್ಯಾಬ್ ಕೊಡಿಸಿದ್ರೆ ನಾನು ಓದಲ್ಲ ಅಪ್ಪ, ನೋಡ್ತೀನಿ."

ಇದನ್ನು ಕೇಳಿದ ಮೇಲೆ ನನಗೆ ಹೊಳೆದದ್ದು, ಅವಳಿಗೆ ಬೇಕಾದದ್ದು ಕಪ್ಪು ಬಿಳುಪಿನ ಪರದೆಯಲ್ಲ. ಯಾರೂ ಕರೆಯದ ಒಂದು ಗಂಟೆ. ಅದನ್ನು ಹದಿನೇಳು ಸಾವಿರ ಕೊಟ್ಟೇ ಪಡೆಯಬೇಕೆಂದಿಲ್ಲ.

ಅವರ ಮನೆಯ ಬೀರುವಿನಲ್ಲಿ ಒಂದು ಹಳೆಯ ಫೋನಿತ್ತು. ಎಲ್ಲರ ಮನೆಯಲ್ಲೂ ಇರುತ್ತದೆ, ನೋಡಿ. ಸಿಮ್ ತೆಗೆದೆವು. ಒಳಗಿದ್ದದ್ದನ್ನೆಲ್ಲ ಅಳಿಸಿ, ಪುಸ್ತಕದ ಆ್ಯಪ್, ಪಿಡಿಎಫ್ ಓದುವ ಆ್ಯಪ್, ನಿಘಂಟು, ಇಷ್ಟು ಮಾತ್ರ ಹಾಕಿದೆವು. ಬೇಕಾದ ಪುಸ್ತಕಗಳನ್ನು ಅಪ್ಪನ ಫೋನಿನ ಹಾಟ್‌ಸ್ಪಾಟಿನಿಂದ ಒಂದೇ ಸಲ ಇಳಿಸಿಕೊಂಡು ಏರೋಪ್ಲೇನ್ ಮೋಡ್‌ಗೆ ಹಾಕಿದೆವು. ಅಕ್ಷರ ದೊಡ್ಡದು ಮಾಡಿದೆವು. ರಾತ್ರಿಗೆ ಬೆಳಕು ತಗ್ಗಿಸಿ ಹಳದಿ ಮಾಡುವ ಸೆಟ್ಟಿಂಗ್ ಇರುತ್ತದೆ, ಅದನ್ನೂ ಹಾಕಿದೆವು. ಖರ್ಚು ಸೊನ್ನೆ. ಎರಡು ಎಚ್ಚರಿಕೆ ಮಾತ್ರ ಇವೆ. ಬ್ಯಾಟರಿ ಉಬ್ಬಿರುವ ಫೋನನ್ನು ಮುಟ್ಟಬೇಡಿ. ತೀರಾ ಹಳೆಯ ಆಂಡ್ರಾಯ್ಡ್ ಆಗಿದ್ದರೆ ಹೊಸ ಆ್ಯಪ್ ಕೂರದೇ ಹೋಗಬಹುದು, ಮೊದಲೇ ನೋಡಿಕೊಳ್ಳಿ.

ಕೊಬ್ಬರಿ ದುಡ್ಡಿನಲ್ಲಿ ಒಂದಿಷ್ಟನ್ನು ಅಣ್ಣ ಅಚ್ಚಿನ ಪುಸ್ತಕಕ್ಕೆ ಹಾಕಿದರು, ಪರೀಕ್ಷೆಯ ಗೈಡುಗಳ ಜೊತೆಗೆ ಮಗಳು ಕೇಳಿದ ನಾಲ್ಕು ಕಾದಂಬರಿ. ಉಳಿದದ್ದು ಬೋರ್‌ವೆಲ್ ಮೋಟರಿಗೆ ಹೋಯಿತು.

ಪೂರ್ತಿ ಗೆದ್ದೆವು ಅಂತ ಹೇಳಿದರೆ ಸುಳ್ಳಾಗುತ್ತದೆ. ಎರಡು ತಿಂಗಳು ಚೆನ್ನಾಗಿ ನಡೆಯಿತು. ಒಂದು ದಿನ ಅಣ್ಣನ ಫೋನು ತೊಟ್ಟಿಗೆ ಬಿತ್ತು. ಅವರ ಸಿಮ್ ಈ ಹಳೆಯ ಫೋನಿಗೆ ಬಂತು, ಮಗಳ ಓದೋ ಮಷೀನು ಅಪ್ಪನ ಕಿಸೆ ಸೇರಿತು. ಹೊಸ ಫೋನು ಬರುವವರೆಗೆ ಹದಿನೈದು ದಿನ ಅವಳ ಕಾದಂಬರಿ ಅರ್ಧಕ್ಕೇ ನಿಂತಿತ್ತು. ಒಂದೇ ಸಾಧನದ ಮೇಲೆ ಇಡೀ ಮನೆ ನಿಂತಿರುವ ಕಡೆ ಇಂಥದ್ದು ಆಗುತ್ತಲೇ ಇರುತ್ತದೆ. ಹೆಚ್ಚಿನ ಮನೆಯಲ್ಲಿ ಫೋನು ಮೊದಲು ಹೋಗುವುದು ಹೆಣ್ಣುಮಕ್ಕಳ ಕೈಯಿಂದಲೇ.

ಮನೆಯಲ್ಲ, ಪಂಚಾಯ್ತಿ ಕೊಳ್ಳಲಿ

ಹಾಗಾದರೆ ಇ-ಇಂಕ್ ಹಳ್ಳಿಗೆ ಬೇಡವೇ? ಬೇಕು. ಆದರೆ ಅದನ್ನು ಕೊಳ್ಳಬೇಕಾದವರು ನಾವಲ್ಲ, ನಮ್ಮ ಗ್ರಂಥಾಲಯ.

ಮನೆ ಕಂದಾಯ ಕಟ್ಟಿದ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಕಾಲದಿಂದ ಬಂದದ್ದು ಅದು. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಿವೆ. ಈಗ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಯಲ್ಲಿವೆ, ಬೋರ್ಡಿನ ಮೇಲೆ 'ಅರಿವು ಕೇಂದ್ರ' ಎಂದಿದೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಇದು ಒಳ್ಳೆಯ ಕೆಲಸ. ಹಲವು ಕಡೆ ಕಂಪ್ಯೂಟರ್, ಟ್ಯಾಬ್, ಫೋನು ಕೂಡ ಬಂದಿವೆ.

ನಾನು ಸುದ್ದಿಗೆಂದು ಹೋದ ಒಂದು ಕೇಂದ್ರದಲ್ಲಿ ಆ ಟ್ಯಾಬ್‌ಗಳು ಬೀರುವಿನಲ್ಲಿ ಭದ್ರವಾಗಿದ್ದವು. ಮೇಲ್ವಿಚಾರಕರನ್ನು ದೂರಲಾರೆ. "ಕಳೆದ್ರೆ ನನ್ನ ಸಂಬಳದಲ್ಲಿ ಹಿಡೀತಾರೆ ಸರ್" ಅಂದರು. ಅವರ ಸಂಬಳ ಎಷ್ಟೆಂದು ಗೊತ್ತಿದ್ದವರಿಗೆ ಆ ಹೆದರಿಕೆ ಅರ್ಥವಾಗುತ್ತದೆ. ಪುಸ್ತಕ ಕಳೆದರೆ ಲೆಕ್ಕದಿಂದ ತೆಗೆಯಲು ಒಂದು ಕ್ರಮ ಇರುವಂತೆ, ಮಷೀನು ಒಡೆದರೆ, ಕಳೆದರೆ ಏನು ಮಾಡಬೇಕು ಅನ್ನುವುದೂ ಬರಹದಲ್ಲಿರಬೇಕು. ಅದಿಲ್ಲದೆ ಎಂಥ ಮಷೀನು ಕೊಟ್ಟರೂ ಬೀರು ಸೇರುತ್ತದೆ.

ನಾನು ಕೇಳುವುದು ಮೂರು.

ಮೊದಲನೆಯದು ಕಡತ. ಸರ್ಕಾರದ ದುಡ್ಡಿನಲ್ಲಿ ಅಚ್ಚಾಗುವ ಪ್ರತಿ ಕನ್ನಡ ಪುಸ್ತಕ, ಅಕಾಡೆಮಿಗಳದ್ದಿರಲಿ, ಕನ್ನಡ ಪುಸ್ತಕ ಪ್ರಾಧಿಕಾರದ್ದಿರಲಿ, ಪಠ್ಯಪುಸ್ತಕವಿರಲಿ, ಯೂನಿಕೋಡಿನ ಇ-ಪಬ್ ರೂಪದಲ್ಲೂ ಹೊರಬರಲಿ. ಬರೀ ಪಿಡಿಎಫ್ ಹಾಕಿ ಕೈ ತೊಳೆದುಕೊಳ್ಳುವುದು ಬೇಡ. ಹೊಸ ಪುಸ್ತಕಕ್ಕೆ ಇದು ದೊಡ್ಡ ಖರ್ಚಲ್ಲ, ಟೈಪ್ ಮಾಡುವಾಗಲೇ ಸರಿಯಾಗಿ ಮಾಡಿದರಾಯಿತು. ಇಂಥ ಕಡತ ಇವತ್ತು ಫೋನಿನಲ್ಲೂ ಓಡುತ್ತದೆ, ನಾಳೆ ಇ-ಇಂಕಿನಲ್ಲೂ ಓಡುತ್ತದೆ. ಕಣ್ಣು ಕಾಣದವರಿಗೆ ಫೋನೇ ಓದಿ ಹೇಳುತ್ತದೆ. ಪುಟದ ಫೋಟೊದಿಂದ ಈ ಕೆಲಸ ಆಗುವುದಿಲ್ಲ.

ಎರಡನೆಯದು ಆಮೇಲೆ. ಕಡತಗಳು ಒಂದಿಷ್ಟು ಸೇರಿದ ಮೇಲೆ ಒಂದೊಂದು ಅರಿವು ಕೇಂದ್ರಕ್ಕೆ ಎರಡು ಇ-ಇಂಕ್ ರೀಡರ್. ಅಷ್ಟೇ ಸಾಕು. ಪುಸ್ತಕದ ಹಾಗೇ ಹದಿನೈದು ದಿನಕ್ಕೆ ಮನೆಗೆ ಕೊಡಲಿ. ವಾರಗಟ್ಟಲೆ ಚಾರ್ಜ್ ಬೇಡದ, ಗೇಮು ಆಡಲು ಬಾರದ ಸಾಧನವಾದ್ದರಿಂದ ಮನೆಗೆ ಕೊಟ್ಟು ಕಳಿಸಲು ಟ್ಯಾಬಿಗಿಂತ ಇದೇ ಸರಿ. ಅಪ್ಪನ ಸಿಮ್ ಅದರೊಳಗೆ ಹೋಗುವುದೂ ಇಲ್ಲ. ಮನೆಗೊಂದು ಕೊಂಡರೆ ಹದಿನೇಳು ಸಾವಿರ. ಊರಿಗೆ ಎರಡು ಕೊಂಡರೆ ವರ್ಷಕ್ಕೆ ಐವತ್ತು ಕೈ ದಾಟುತ್ತದೆ.

ಮೂರನೆಯದು ನನ್ನಂಥವರಿಗೆ. ಸ್ಟ್ರಿಂಗರ್‌ಗಳು, ಮೇಷ್ಟ್ರುಗಳು, ಡಿಟಿಪಿ ಅಂಗಡಿಯವರು, ಊರ ಇತಿಹಾಸ ಬರೆಯುವವರು, ಎಲ್ಲರೂ ಇನ್ನಾದರೂ ಯೂನಿಕೋಡಿಗೆ ಬರೋಣ. ನುಡಿಯ ಈಗಿನ ಆವೃತ್ತಿಯಲ್ಲೂ ಆ ಸೌಲಭ್ಯ ಇದೆ. ನಾನು ಆ ಲೇಖನವನ್ನು ಪರಿವರ್ತನೆ ಮಾಡಿ ಹುಡುಗಿಗೆ ಮತ್ತೆ ಕಳಿಸಿದೆ, ಈ ಸಲ ಅಕ್ಷರ ಸರಿಯಾಗಿ ಬಂತು. ನನ್ನ ಹತ್ತು ವರ್ಷದ ಬರಹ ಇನ್ನೂ ಟೋಪಿ ಹಾಕಿಕೊಂಡೇ ಕೂತಿದೆ. ದಿನಕ್ಕೊಂದರಂತೆ ಬದಲಿಸುತ್ತಿದ್ದೇನೆ.

ಗ್ರಂಥಾಲಯದ ಮಾಡು ಸೋರುವಾಗ ಇ-ಇಂಕ್ ಮಾತು ದುಬಾರಿ ಚಟವಲ್ಲವೇ ಅಂತ ನೀವು ಕೇಳಬಹುದು. ಮಾಡು ಸೋರುತ್ತಿದ್ದರೆ ಮಾಡೇ ಮೊದಲು. ಅಚ್ಚಿನ ಹೊಸ ಪುಸ್ತಕ ಬಂದು ವರ್ಷಗಳಾಗಿದ್ದರೆ ಪುಸ್ತಕವೇ ಮೊದಲು. ಕಡತ ಸರಿಪಡಿಸುವುದಕ್ಕೆ ಮಾತ್ರ ಯಾವುದನ್ನೂ ಕಾಯಬೇಕಿಲ್ಲ, ಅದಕ್ಕೆ ಮಾಡೂ ಬೇಡ, ಬೀರೂ ಬೇಡ.

ಈಗ ಸಲಹೆಗೆ ಬರೋಣ. ಇಂಗ್ಲಿಷ್ ಪುಸ್ತಕ ಹೆಚ್ಚು ಓದುವವರು, ಕೈಯಲ್ಲಿ ದುಡ್ಡಿರುವವರು ಇ-ಇಂಕ್ ತಗೊಳ್ಳಿ, ಪಶ್ಚಾತ್ತಾಪ ಆಗಲಾರದು. ಕನ್ನಡ ಓದುವವರು ಸದ್ಯಕ್ಕೆ ಬೀರುವಿನ ಹಳೆಯ ಫೋನು ತೆಗೆದು ಸಿಮ್ ಕಳಚಿ, ಮಿಕ್ಕ ದುಡ್ಡಿಗೆ ಅಚ್ಚಿನ ಪುಸ್ತಕ ಕೊಳ್ಳಿ. ಮುಂದಿನ ಗ್ರಾಮ ಸಭೆಗೆ ಹೋಗುವಾಗ ಕಂದಾಯದ ರಸೀದಿ ಜೇಬಿನಲ್ಲಿರಲಿ. ಗ್ರಂಥಾಲಯ ಕರ ಅನ್ನುವ ಸಾಲಿನ ಮೇಲೆ ಬೆರಳಿಟ್ಟು, ಈ ದುಡ್ಡಲ್ಲಿ ಈ ವರ್ಷ ನಮ್ಮೂರಿಗೆ ಏನು ಬಂತು, ಬೀರುವಿನ ಬೀಗ ಯಾವಾಗ ತೆಗೀತೀರಿ ಅಂತ ಎದ್ದು ನಿಂತು ಕೇಳಿ.

ಹುಡುಗಿಯ ಪರೀಕ್ಷೆ ಹತ್ತಿರ ಬಂದಿದೆ. ನನ್ನ ರೀಡರ್ ಮತ್ತೆ ಅವಳ ಹತ್ತಿರವೇ ಇದೆ, ಪರೀಕ್ಷೆ ಮುಗಿದ ಮೇಲೆ ಇಂಗ್ಲಿಷ್ ಕಾದಂಬರಿ ಓದಲು ಶುರುಮಾಡುತ್ತಾಳಂತೆ. ಓದಲಿ. ಕನ್ನಡದ ಹುಡುಗಿಗೆ ಒಂದು ಒಳ್ಳೆಯ ಮಷೀನಿನಲ್ಲಿ ಓದಬೇಕೆಂದರೆ ಇಂಗ್ಲಿಷಿಗೇ ಹೋಗಬೇಕಾಯಿತಲ್ಲ ಅನ್ನುವುದು ಮಾತ್ರ ನನ್ನನ್ನು ಚುಚ್ಚುತ್ತಲೇ ಇದೆ.